ಮೂಗಿನ ತುದಿ, ಗದ್ದ, ಹಣೆ

ಮೂಗಿನ ತುದಿಯನ್ನು ಬೆರಳಿನಿಂದ ಒತ್ತಿದರೆ ಒಳಗೆ ಹೋಗುತ್ತದೆ. ಗದ್ದವನ್ನು ಒತ್ತಿದರೆ ಸ್ವಲ್ಪ ಹೋಗಿ ನಿಲ್ಲುತ್ತದೆ. ಹಣೆಯನ್ನು ಒತ್ತಿದರೆ ಬೆರಳು ಎಲ್ಲಿತ್ತೋ ಅಲ್ಲೇ ಇರುತ್ತದೆ.

ಹೆರಿಗೆ ವಾರ್ಡಿಗೆ ಕೆಲಸ ಕಲಿಯಲು ಹೊಸದಾಗಿ ಬರುವ ಹುಡುಗಿಯರಿಗೆ ನಾನು ಮೊದಲು ಹೇಳುತ್ತಿದ್ದದ್ದು ಇದನ್ನೇ. ತುಂಬು ಬಸುರಿಯ ಪಕ್ಕದಲ್ಲಿ ಕುಳಿತು, ಹೊಕ್ಕುಳಿನ ಮೇಲುಗಡೆ ಅಂಗೈಯಿಟ್ಟು ಸುಮ್ಮನಿರಿ. ಕೈ ಬೆಚ್ಚಗಿರಲಿ. ನೋವು ಬಂದಾಗ ಗರ್ಭಕೋಶ ಬಿಗಿದು ಅಂಗೈಯ ಕೆಳಗೆ ಎದ್ದು ನಿಲ್ಲುತ್ತದೆ. ಆ ಬಿಗಿ ಮೂಗಿನ ತುದಿಯ ಹಾಗಿದೆಯೋ, ಗದ್ದದ ಹಾಗೋ, ಹಣೆಯ ಹಾಗೋ ಎಂಬುದನ್ನು ನಿಮ್ಮ ಬೆರಳು ಹೇಳಬೇಕು. ಆಕೆ ಎಷ್ಟು ಜೋರಾಗಿ ಕೂಗುತ್ತಾಳೆ ಎಂಬುದರಿಂದ ಏನೂ ತಿಳಿಯುವುದಿಲ್ಲ. ಕೆಲವರು ಮೂಗಿನ ತುದಿಗೇ ಊರು ಸೇರಿಸುತ್ತಾರೆ. ಕೆಲವರು ಹಣೆಯಷ್ಟು ಗಟ್ಟಿಯಾದಾಗಲೂ ತುಟಿ ಕಚ್ಚಿ ಗೋಡೆ ನೋಡುತ್ತಾರೆ.

ಹಣೆಯಷ್ಟು ಗಟ್ಟಿಯಾಗದೆ, ಮೂಗಿನ ತುದಿಯ ಹಾಗೇ ಬಂದು ಹೋಗುವ ನೋವಿಗೆ ನಮ್ಮ ಪುಸ್ತಕಗಳಲ್ಲಿ ಸುಳ್ಳು ನೋವು ಎಂದು ಹೆಸರು. ರೋಗಿಯ ಎದುರು ನಾನು ಆ ಹೆಸರನ್ನು ಎತ್ತಿದವಳಲ್ಲ. ನೋವಂತೂ ಸುಳ್ಳಲ್ಲ, ಹೆರಿಗೆ ಶುರುವಾಗಿಲ್ಲ ಅಷ್ಟೇ. "ಹೊಟ್ಟೆ ಅಭ್ಯಾಸ ಮಾಡ್ತಾ ಇದೆ" ಎನ್ನುತ್ತಿದ್ದೆ. ಅಂಥ ನೋವು ಸಾಮಾನ್ಯವಾಗಿ ಕೆಳಹೊಟ್ಟೆಯಲ್ಲೇ ಇರುತ್ತದೆ, ಒಮ್ಮೆ ಬೇಗ ಬರುತ್ತದೆ, ಒಮ್ಮೆ ತಡವಾಗಿ ಬರುತ್ತದೆ. ಎದ್ದು ಓಡಾಡಿದರೆ, ಮಗ್ಗುಲು ಬದಲಿಸಿದರೆ, ಬಿಸಿಯಾಗಿ ಏನಾದರೂ ಕುಡಿದು ಮಲಗಿದರೆ ಅಡಗುತ್ತದೆ. ನಿಜವಾದ ಹೆರಿಗೆ ನೋವು ಹೆಚ್ಚಾಗಿ ಸೊಂಟದಲ್ಲಿ ಹುಟ್ಟಿ ಮುಂದಕ್ಕೆ ಸುತ್ತಿಕೊಂಡು ಬರುತ್ತದೆ. ಬರಬರುತ್ತ ನಡುವಿನ ಬಿಡುವು ಕಡಿಮೆಯಾಗುತ್ತದೆ, ಬಿಗಿ ಹೆಚ್ಚುತ್ತದೆ. ನಡೆದರೂ ಮಲಗಿದರೂ ನಿಲ್ಲುವುದಿಲ್ಲ. ರಕ್ತದ ಎಳೆ ಬೆರೆತ ಲೋಳೆ ಹೋದರೆ ಗರ್ಭದ ಬಾಯಿ ತೆರೆಯತೊಡಗಿದೆ ಎಂದು ಅರ್ಥ. ನೀರು ಹೋದರೆ, ಕೆಂಪಗೆ ರಕ್ತ ಹರಿದರೆ, ಕೂಸು ಮಿಸುಕುವುದು ಕಡಿಮೆಯಾದರೆ ಸುಳ್ಳೋ ನಿಜವೋ ಎಂದು ಯೋಚಿಸುತ್ತ ಮನೆಯಲ್ಲಿ ಕೂರಬಾರದು. ಇಷ್ಟನ್ನು ಮೈಸೂರಿನಲ್ಲಿ ಕಲಿತು, ಪರೀಕ್ಷೆಯಲ್ಲಿ ಬರೆದು, ಐವತ್ತರ ದಶಕದ ಕೊನೆಯಲ್ಲಿ ಶಿಕಾರಿಪುರದ ಆಸ್ಪತ್ರೆಗೆ ಡಾಕ್ಟರಾಗಿ ಬಂದೆ. ವಾರಕ್ಕೊಮ್ಮೆ ಬಸ್ಸಿನಲ್ಲಿ ಸೊರಬಕ್ಕೆ ಹೋಗಿ ಬಸುರಿಯರನ್ನು ನೋಡಿ, ಮಾರನೆಯ ದಿನ ಹಿಂದಿರುಗಬೇಕಿತ್ತು.

ಶಿಕಾರಿಪುರದಲ್ಲಿ ನನ್ನ ಮೇಲಿದ್ದ ದೊಡ್ಡ ಡಾಕ್ಟರು ಒಳ್ಳೆಯ ಮನುಷ್ಯರು. ಆದರೆ ನೋವೆಂದು ಬಂದ ಯಾವ ಬಸುರಿಯನ್ನೂ ಬರಿಗೈಯಲ್ಲಿ ಕಳಿಸಬಾರದು ಎಂಬುದು ಅವರ ನಿಯಮ. ದಿನ ತುಂಬಿದ್ದರೆ ನೋವು ಚುರುಕಾಗಲೆಂದು ಒಂದು ಬಟ್ಟಲು ಹರಳೆಣ್ಣೆ, ಬಿಸಿ ಸೋಪಿನ ನೀರಿನ ಎನಿಮಾ. ದಿನ ತುಂಬಿಲ್ಲದಿದ್ದರೆ ನೋವು ನಿಲ್ಲಿಸಲು ಮಾರ್ಫಿಯಾ ಸೂಜಿ. ವಾರ್ಡಿನ ಅರ್ಧ ಜನ ಹರಳೆಣ್ಣೆಯಿಂದ ಓಡಾಡುತ್ತಿದ್ದರು, ಉಳಿದರ್ಧ ಸೂಜಿಯಿಂದ ತೂಕಡಿಸುತ್ತಿದ್ದರು.

"ಸರ್, ಸ್ವಲ್ಪ ಹೊತ್ತು ಕಾದು ನೋಡಬಹುದಲ್ವಾ?" ಎಂದು ಒಮ್ಮೆ ಕೇಳಿದೆ.

"ನೋಡಮ್ಮ, ಅವರು ಎತ್ತಿನಗಾಡಿ ಕಟ್ಟಿಕೊಂಡು, ಬಸ್ಸು ಹಿಡಿದು ಬಂದಿರ್ತಾರೆ. ಹಾಗೇ ವಾಪಸ್ ಕಳಿಸಿದರೆ ಇನ್ನೊಂದು ಸಲ ಬರೋದಿಲ್ಲ. ನಿಜವಾದ ನೋವು ಬಂದಾಗ ಮನೇಲೇ ಇರ್ತಾರೆ. ಅದನ್ನೂ ಯೋಚಿಸು."

ಅದರಲ್ಲಿ ನಿಜವಿತ್ತು. ಆಗ ನಾನು ಒಂದು ಮಂಚ ಕೇಳಿದೆ. ಕಿಟಕಿಯ ಪಕ್ಕದ ಒಂದು ಮಂಚದಲ್ಲಿ ಎಣ್ಣೆಯೂ ಬೇಡ, ಸೂಜಿಯೂ ಬೇಡ. ಬಂದವಳು ಊಟ ಮಾಡಲಿ, ಮಲಗಲಿ, ಜಗಲಿಯಲ್ಲಿ ಓಡಾಡಲಿ, ನಾನು ಆಗಾಗ ಕೈಯಿಟ್ಟು ನೋಡುತ್ತೇನೆ ಎಂದೆ. ದೊಡ್ಡ ಡಾಕ್ಟರು ನಕ್ಕು ಒಪ್ಪಿದರು. ನಮ್ಮ ನರ್ಸು ರೋಸಮ್ಮ ಅದಕ್ಕೆ ಬಸ್‌ಸ್ಟ್ಯಾಂಡ್ ಎಂದು ಹೆಸರಿಟ್ಟಳು.

ಹೆಸರು ಸುಳ್ಳಾಗಲಿಲ್ಲ. ಆ ಮಂಚಕ್ಕೆ ಬಂದ ಮೊದಲಿನವರಲ್ಲಿ ಸೊರಬದ ಕಡೆಯ ಉಳವಿಯ ಒಬ್ಬ ಹೆಂಗಸಿದ್ದಳು. ಹೊಟ್ಟೆ ಹಿಡಿದುಕೊಂಡು ಬಂದವಳಿಗೆ ಬಿಸಿ ಗಂಜಿ ಕೊಡಿಸಿ, ಜಗಲಿಯಲ್ಲಿ ಓಡಾಡಲು ಹೇಳಿದೆ. ಹೊರರೋಗಿಗಳನ್ನು ನೋಡಿ ಬಂದರೆ ಮಂಚದ ಮೇಲೆ ಆಕೆಯ ಕಂಬಳಿ ಮಾತ್ರ ಇತ್ತು. ಆಯಾ ಹುಡುಕಿಕೊಂಡು ಹೋದಾಗ ಆಕೆ ನಿಜವಾದ ಬಸ್‌ಸ್ಟ್ಯಾಂಡಿನಲ್ಲಿ, ಹೊರಟ ಬಸ್ಸಿನ ಕಿಟಕಿ ಸೀಟಿನಲ್ಲಿದ್ದಳು. "ನೋವು ಹೋತು, ಹಸ ಕರಿಯಾ ಹೊತ್ತಾತು" ಎಂದು ಕೂಗಿ ಹೇಳಿದಳಂತೆ. ಮುಂದೆ ನಿಜವಾದ ನೋವು ಬಂದಾಗ ತಾನಾಗಿಯೇ ಬಂದು, "ನನ್ನ ಕಂಬಳಿ ಎಲ್ಲೈತ್ರಿ?" ಎಂದು ಅದೇ ಮಂಚದ ಮೇಲೆ ಕುಳಿತಳು. ಗಂಡು ಕೂಸು ಹೆತ್ತು, ಕಂಬಳಿ ಸಮೇತ ಹೋದಳು. ವಾಪಸ್ ಹೋದವರು ಮತ್ತೆ ಬರುವುದಿಲ್ಲ ಎಂಬ ಮಾತನ್ನು ದೊಡ್ಡ ಡಾಕ್ಟರು ಅಂದಿನಿಂದ ಸ್ವಲ್ಪ ಮೆತ್ತಗೆ ಹೇಳತೊಡಗಿದರು.

ಇದಕ್ಕೆ ತಿರುಗುಮುರುಗಾದದ್ದೂ ಉಂಟು. ಸೊರಬದಲ್ಲಿ ಒಂದು ದಿನ ಕುಬಟೂರಿನ ಹೆಂಗಸೊಬ್ಬಳು ನಾದಿನಿಯನ್ನು ತೋರಿಸಲು ಕರೆತಂದಿದ್ದಳು. ತಾನೂ ಬಸುರಿ. ನಾದಿನಿಯನ್ನು ನಾನು ನೋಡುತ್ತಿರುವಾಗ ಆಕೆ ಬಾಗಿಲ ಚೌಕಟ್ಟಿಗೆ ಬೆನ್ನು ಒತ್ತಿಕೊಂಡು ನಿಲ್ಲುವುದು, ಸ್ವಲ್ಪ ಹೊತ್ತು ಬಿಟ್ಟು ಮತ್ತೆ ಒತ್ತಿಕೊಳ್ಳುವುದು ಕಂಡಿತು.

"ನಿಮಗೇನಾಗ್ತಿದೆ?" ಎಂದು ಕೇಳಿದೆ.

"ನಂಗೇನಿಲ್ರಿ. ಗದ್ದೆ ಕೆಲ್ಸ ಮಾಡಿದ್ದು, ಸೊಂಟ ಹಿಡ್ಕಂಡೈತಿ. ನೀವು ಅವಳ್ನ ನೋಡಿ."

ಕೈಯಿಟ್ಟು ನೋಡಿದರೆ ಹಣೆ. ತೋರಿಸಿಕೊಳ್ಳಲು ಬಂದ ನಾದಿನಿ ನೀರು ಕಾಯಿಸಿಕೊಟ್ಟಳು, ಜೊತೆಗೆ ಬಂದವಳು ಹೆತ್ತಳು. ನೋವು ಬೆನ್ನಿನಲ್ಲೇ ಇದ್ದುಬಿಡುವ ಹೆರಿಗೆಯೂ ಇದೆ ಎಂದು ಓದಿದ್ದೆ, ಕಂಡದ್ದು ಅವತ್ತು.

ಇನ್ನು ಗಿರಿಜಮ್ಮನ ವಿಷಯ. ಇಷ್ಟು ವರ್ಷಗಳ ಮೇಲೂ ಹೊಸಬರಿಗೆ ನಾನು ಹೇಳುತ್ತ ಬಂದದ್ದು ಇದನ್ನೇ ಹೆಚ್ಚು.

ಸಂಕ್ರಾಂತಿ ಕಳೆದು ಕೆಲವು ದಿನಗಳಾಗಿದ್ದವು. ನಾನು ಸೊರಬದಿಂದ ಬೆಳಗಿನ ಬಸ್ಸಿಗೆ ಹಿಂದಿರುಗಿ ಮಧ್ಯಾಹ್ನ ವಾರ್ಡಿಗೆ ಬಂದಾಗ ಗೋಡೆಯ ಬದಿಯ ಮಂಚದಲ್ಲಿ ಹೊಸ ಬಸುರಿ ಮಲಗಿದ್ದಳು. ಪಕ್ಕದಲ್ಲಿ ನೆಲದ ಮೇಲೆ, ಕೊರಳಲ್ಲಿ ಲಿಂಗದ ಕರಡಿಗೆ ಧರಿಸಿದ ಒಬ್ಬ ಅಜ್ಜಿ ಕುಳಿತಿದ್ದರು. ರೋಸಮ್ಮ ತಗ್ಗಿದ ದನಿಯಲ್ಲಿ ಎಲ್ಲ ಹೇಳಿದಳು. ಆಕೆಯ ಹೆಸರು ಗಿರಿಜಮ್ಮ, ಜಡೆ ಎಂಬ ಊರಿನ ಕಡೆಯವಳು. ಅಜ್ಜಿ ಅವಳ ಅತ್ತೆ, ಚನ್ನಮ್ಮ. ಹಿಂದೆ ಎರಡು ಹೆರಿಗೆ ಆಗಿತ್ತು, ಎರಡೂ ಮನೆಯಲ್ಲೇ. ಎರಡು ಕೂಸುಗಳೂ ಹುಟ್ಟಿ ಅಳಲೇ ಇಲ್ಲ. ಈ ಸಲ ಆಸ್ಪತ್ರೆಯಲ್ಲೇ ಆಗಲಿ ಎಂದು ಅತ್ತೆಯೇ ಹಟ ಹಿಡಿದು, ನೋವು ಕಾಣಿಸಿದ ಕೂಡಲೇ ಹಿಂದಿನ ದಿನ ಕರೆತಂದಿದ್ದರು. ಎಂಟು ತುಂಬಿದೆ, ಇನ್ನೂ ಒಂದು ತಿಂಗಳಿದೆ ಎಂದು ಮನೆಯವರು ಹೇಳಿದ್ದರಿಂದ ದೊಡ್ಡ ಡಾಕ್ಟರು ನೋವು ನಿಲ್ಲಿಸಲು ಸಂಜೆ ಒಂದು ಸೂಜಿ ಕೊಟ್ಟಿದ್ದರು. ನೋವು ನಿಂತಿತ್ತು. ಬೆಳಿಗ್ಗೆ ಮತ್ತೆ ಶುರುವಾಗಿದ್ದರಿಂದ ಇನ್ನೊಂದಕ್ಕೆ ಬರೆದು ಮನೆಗೆ ಊಟಕ್ಕೆ ಹೋಗಿದ್ದರು. ರೋಸಮ್ಮನ ತಟ್ಟೆಯಲ್ಲಿ ಕುದಿಸಿದ ಸೂಜಿ ಸಿದ್ಧವಾಗಿತ್ತು.

"ಕೊಡಲಾ ಡಾಕ್ಟರೇ?"

"ಒಂದು ನಿಮಿಷ ತಾಳು" ಎಂದು ಸ್ಟೂಲು ಎಳೆದುಕೊಂಡು ಕುಳಿತೆ.

ಅಂಗೈಯಿಟ್ಟ ಸ್ವಲ್ಪ ಹೊತ್ತಿಗೆ ಹೊಟ್ಟೆ ಎದ್ದಿತು. ಗದ್ದ ದಾಟಿ ಹಣೆಗೆ ಹೋಗಿ ನಿಂತಿತು, ನಿಧಾನವಾಗಿ ಇಳಿಯಿತು. ಗಿರಿಜಮ್ಮ ಕೂಗಲಿಲ್ಲ. ಸೊಂಟದಿಂದ ಮುಂದಕ್ಕೆ ಕೈಯಿಂದ ಒಂದು ಗೆರೆ ಎಳೆದು ತೋರಿಸಿದಳು, ಅಷ್ಟೇ. ಬಿಡುವಿನಲ್ಲಿ ಹೊಟ್ಟೆಯನ್ನೆಲ್ಲ ತಡವಿ ನೋಡಿದೆ. ಕೂಸಿನ ತಲೆ ಕೆಳಗಿಳಿದು ಕೂತಿತ್ತು, ಅಲ್ಲಾಡಿಸಲು ಬರುತ್ತಿರಲಿಲ್ಲ. ಕೂಸು ಸಣ್ಣದೂ ಅಲ್ಲ. ನನ್ನ ಕೈ ಹೇಳುತ್ತಿದ್ದದ್ದು ಒಂದು, ಮನೆಯವರ ಲೆಕ್ಕ ಹೇಳುತ್ತಿದ್ದದ್ದು ಇನ್ನೊಂದು.

ಇದರಲ್ಲಿ ಯಾವುದು ಸರಿ ಎಂಬುದರ ಮೇಲೆ ಆ ಕೂಸಿನ ಉಸಿರು ನಿಂತಿತ್ತು. ಲೆಕ್ಕ ಸರಿಯಿದ್ದರೆ ಸೂಜಿ ಬೇಕು. ದಿನ ತುಂಬದೆ ಹುಟ್ಟುವ ಕೂಸನ್ನು ಉಳಿಸಿಕೊಳ್ಳುವ ಸಲಕರಣೆ ಯಾವುದೂ ಆಗ ನಮ್ಮಲ್ಲಿರಲಿಲ್ಲ. ಹೊಟ್ಟೆಯೊಳಗೆ ಇನ್ನಷ್ಟು ದಿನ ಇದ್ದರೇ ಅದು ಬದುಕೀತು. ಕೈ ಸರಿಯಿದ್ದರೆ ಸೂಜಿ ಕೂಡದು. ಹೆರಿಗೆಗೆ ಸ್ವಲ್ಪ ಮುಂಚೆ ತಾಯಿಗೆ ಕೊಟ್ಟ ಮಾರ್ಫಿಯಾ ಕೂಸಿಗೂ ಇಳಿಯುತ್ತದೆ. ಹುಟ್ಟಿದ ಕೂಸು ಮಂಕಾಗಿ ಉಸಿರೆಳೆಯುವುದನ್ನೇ ಮರೆಯುತ್ತದೆ. ಎರಡು ಕೂಸು ಅಳದೆ ಹೋದ ಮನೆ ಅದು.

ಎಷ್ಟು ತಿಂಗಳು ಎಂದು ಮತ್ತೆ ಕೇಳಿದರೆ ಅದೇ ಉತ್ತರ ಬರುತ್ತಿತ್ತು. ಹಾಗಾಗಿ ಬೇರೆ ರೀತಿ ಕೇಳಿದೆ.

"ಅಜ್ಜಿ, ಗಿರಿಜಮ್ಮ ಕಡೆಯ ಸಲ ಮುಟ್ಟು ಕಳೆದು ಮೈ ತೊಳೆದದ್ದು ಯಾವ ಹಬ್ಬದ ಹತ್ತಿರ?"

"ಬಸವ ಜಯಂತಿ ಆತಲ್ರಿ, ಅವತ್ತೇ ತಲಿಗೆ ನೀರು ಹಾಕ್ಕಂಡ್ಲು. ನಂಗೆ ಚಲೋ ನೆನಪೈತಿ. ಹೋಳಿಗಿ ಮಾಡಿದ್ದೆ."

"ಅಲ್ಲಿಂದ ತಿಂಗಳು ಎಣಿಸಿ ನೋಡೋಣ."

ಅಜ್ಜಿಗೆ ಸ್ವಲ್ಪ ಬೇಸರವಾಯಿತು. "ಎಣಿಸೀನ್ರಿ. ನಾನೇನು ಎಣಿಸದಕ್ಕೆ ಬರದಾಕಿ ಅಲ್ಲ. ಐದು ಹೆತ್ತೀನಿ" ಎಂದು ಬೆರಳು ಮಡಚತೊಡಗಿದರು. "ವೈಶಾಖದಾಗ ನೀರು ಹಾಕ್ಕಂಡಿದ್ದು. ಜ್ಯೇಷ್ಠಕ್ಕೆ ಒಂದು, ಆಷಾಢಕ್ಕೆ ಎರಡು, ಶ್ರಾವಣಕ್ಕೆ ಮೂರು, ಭಾದ್ರಪದಕ್ಕೆ ನಾಕು..." ಹೀಗೆ ಪುಷ್ಯಕ್ಕೆ ಎಂಟು ಎಂದು ನಿಲ್ಲಿಸಿದರು. "ನೋಡ್ರಿ, ಎಂಟು ತುಂಬಿ ಒಂಬತ್ತಕ್ಕೆ ಬಿದ್ದೈತಿ. ನಾ ಹೇಳಿದ್ದು ತಪ್ಪೇನು?"

ಗೋಡೆಯ ಮೇಲೆ ಸರ್ಕಾರಿ ಕ್ಯಾಲೆಂಡರ್ ಇತ್ತು. ಕಳೆದ ವರ್ಷದ್ದೂ ಅದರ ಹಿಂದೆಯೇ ತೂಗುತ್ತಿತ್ತು. ಅದನ್ನು ಎತ್ತಿ ನೋಡಿದೆ. ಬಸವ ಜಯಂತಿ ಏಪ್ರಿಲ್ ತಿಂಗಳಲ್ಲಿ ಬಂದಿತ್ತು. ಈಗ ಜನವರಿ. ನನ್ನ ಎಣಿಕೆಗೆ ಒಂಬತ್ತು ತಿಂಗಳು ತುಂಬಿತ್ತು. ಅಜ್ಜಿಯ ಎಣಿಕೆಗೆ ಎಂಟು. ಇಬ್ಬರೂ ಒಂದೇ ಹಬ್ಬದಿಂದ ಹೊರಟಿದ್ದೆವು, ನಡುವೆ ಎಲ್ಲೋ ಒಂದು ತಿಂಗಳು ಬಿದ್ದುಹೋಗಿತ್ತು. ಕ್ಯಾಲೆಂಡರಿನ ಹಾಳೆಗಳನ್ನು ಒಂದೊಂದಾಗಿ ತಿರುಗಿಸುತ್ತ ಹೋದಾಗ ಜುಲೈ ಕೊನೆಯಲ್ಲಿ ಸಣ್ಣ ಅಕ್ಷರದಲ್ಲಿ ಅದು ಸಿಕ್ಕಿತು.

"ಅಜ್ಜಿ, ಹೋದ ವರ್ಷ ಅಧಿಕ ಶ್ರಾವಣ ಬಂದಿತ್ತಲ್ಲ?"

"ಬಂದಿತ್ತು."

"ಅದನ್ನ ಎಣಿಸಿದ್ರಾ?"

ಅಜ್ಜಿ ನನ್ನನ್ನು ಏನೂ ತಿಳಿಯದ ಕೂಸನ್ನು ನೋಡುವ ಹಾಗೆ ನೋಡಿದರು. "ಅಧಿಕದಾಗ ಯಾರು ಲೆಕ್ಕ ಹಿಡೀತಾರ್ರಿ? ಆ ತಿಂಗ್ಳಾಗ ಮದುವಿ ಮಾಡಂಗಿಲ್ಲ, ಹೊಸಾ ಮನಿ ಹೊಗಂಗಿಲ್ಲ, ಬಸುರಿ ತಿಂಗ್ಳೂ ಹಿಡಿಯಂಗಿಲ್ಲ. ನಮ್ಮತ್ತಿ ಹಂಗೇ ಹೇಳಿಕೊಟ್ಟಾರ. ಅದು ಲೆಕ್ಕಕ್ಕೆ ಬರದ ತಿಂಗ್ಳು."

"ಹೊಟ್ಟೆಯೊಳಗಿನ ಕೂಸಿಗೆ ಅದು ಗೊತ್ತಿರೋದಿಲ್ಲ ಅಜ್ಜಿ. ಅದು ಆ ತಿಂಗಳೂ ಬೆಳೆದಿದೆ."

ಅಜ್ಜಿಯ ಮಡಚಿದ ಬೆರಳುಗಳು ಹಾಗೇ ಇದ್ದವು. ಮಂಚದ ಮೇಲಿಂದ ಗಿರಿಜಮ್ಮ ಆವತ್ತು ಮೊದಲ ಸಲ ಬಾಯಿಬಿಟ್ಟಳು. "ನಾ ಅವಾಗ್ಲೇ ಹೇಳಿದ್ದೆ, ಅತ್ತಿ. ದಿನ ಜಾಸ್ತಿ ಆದಂಗೆ ಅನ್ಸುತ್ತೆ ಅಂತ. ಸುಮ್ನಿರು, ಮೂರನೇದಕ್ಕೆ ಎಲ್ಲಾ ಗೊತ್ತಾತೇನು ಅಂದ್ರಿ."

"ಅಂದೆ" ಎಂದರು ಅಜ್ಜಿ. ಮತ್ತೆ ಮೆಲ್ಲಗೆ, "ಅಮ್ಮಾರೆ, ಆ ಸೂಜಿ?" ಎಂದು ಕೇಳಿದರು.

"ಕೊಡೋದಿಲ್ಲ."

ಎಲ್ಲ ಮನೆಗಳಲ್ಲೂ ಹೀಗೆ ಎಣಿಸುತ್ತಿದ್ದರು ಎಂದು ನಾನು ಹೇಳಲಾರೆ. ಅಮಾವಾಸ್ಯೆಯಿಂದ ಅಮಾವಾಸ್ಯೆಗೆ ಎಣಿಸುವವರೇ ಹೆಚ್ಚು, ಅವರ ಲೆಕ್ಕ ತಪ್ಪುತ್ತಿರಲಿಲ್ಲ. ಆ ಮನೆಯಲ್ಲಿ ಮಾತ್ರ ರೂಢಿ ಹೀಗಿತ್ತು. ಮೂರು ವರ್ಷಕ್ಕೊಮ್ಮೆ ಬರುವ ತಿಂಗಳಾದ್ದರಿಂದ ಅದರಿಂದ ತೊಂದರೆಯಾದದ್ದನ್ನು ಯಾರೂ ಕಂಡಿರಲಿಲ್ಲ.

ಬರೆದಿಟ್ಟ ಸೂಜಿಯನ್ನು ನನ್ನಷ್ಟಕ್ಕೆ ನಿಲ್ಲಿಸುವ ಅಧಿಕಾರ ನನಗಿರಲಿಲ್ಲ. ದೊಡ್ಡ ಡಾಕ್ಟರ ಮನೆ ಕಾಂಪೌಂಡಿನ ಒಳಗೇ ಇತ್ತು. ನಾನು ಹೋದಾಗ ಅವರು ಮಜ್ಜಿಗೆ ಅನ್ನದಲ್ಲಿದ್ದರು. ಬಾಗಿಲಲ್ಲೇ ನಿಂತು ಹೇಳಿದೆ.

"ನಿನ್ನೆ ಸೂಜಿಗೆ ನೋವು ನಿಂತಿತಲ್ಲಮ್ಮ. ನಿಜವಾದದ್ದಾಗಿದ್ದರೆ ನಿಲ್ಲುತ್ತಿರಲಿಲ್ಲ" ಎಂದರು.

"ನಿನ್ನೆಯದು ಅಭ್ಯಾಸದ್ದಿರಬಹುದು ಸರ್. ಇವತ್ತಿನದು ಬೇರೆ. ಸೊಂಟದಿಂದ ಬರ್ತಿದೆ. ತಲೆ ಇಳಿದು ಕೂತಿದೆ. ದಿನವೂ ತುಂಬಿದೆ."

"ಎಂಟು ಅಂದರಲ್ಲ?"

"ಅಧಿಕ ಮಾಸ ಬಿಟ್ಟು ಎಣಿಸಿದ್ದಾರೆ."

ಅವರು ತುತ್ತು ಹಿಡಿದ ಕೈಯನ್ನು ಹಾಗೇ ನಿಲ್ಲಿಸಿದರು. ಒಳಗಿನಿಂದ ಅವರ ಹೆಂಡತಿಯ ದನಿ ಬಂತು. "ನಮ್ಮ ದೊಡ್ಡಮ್ಮನೂ ಹಾಗೇ ಏನೇನೋ ಬಿಟ್ಟು ಎಣಿಸ್ತಿದ್ದರು. ನೀವು ಗಂಡಸರು ಎಷ್ಟು ತಿಂಗಳು ಅಂತ ಕೇಳ್ತೀರಿ, ಅವರು ಹೇಳ್ತಾರೆ, ಬರ್ಕೊಳ್ತೀರಿ."

ದೊಡ್ಡ ಡಾಕ್ಟರು ಕೈ ತೊಳೆದು ನನ್ನ ಜೊತೆ ಬಂದರು. ಗಿರಿಜಮ್ಮನ ಹೊಟ್ಟೆಯ ಮೇಲೆ ಕೈಯಿಟ್ಟು ನಿಂತರು. ಒಂದು ನೋವು ಬಂದು ಹೋಗುವವರೆಗೂ ತೆಗೆಯಲಿಲ್ಲ. ಆಮೇಲೆ ರೋಸಮ್ಮನ ತಟ್ಟೆಯನ್ನು ತಾವೇ ಎತ್ತಿ ಕಪಾಟಿನ ಮೇಲಿಟ್ಟರು. ಪರದೆ ಎಳೆಸಿ ನಾನು ಒಳಗೆ ಪರೀಕ್ಷಿಸಿದಾಗ ಗರ್ಭದ ಬಾಯಿ ಅರ್ಧಕ್ಕಿಂತ ಹೆಚ್ಚು ತೆರೆದಿತ್ತು. ಅಳುಕುವುದಕ್ಕೆ ಇನ್ನೇನೂ ಉಳಿದಿರಲಿಲ್ಲ. ಕೈ ತೊಳೆದು, ಬೆಚ್ಚಗಾಗಲೆಂದು ಬಿಸಿನೀರಿನಲ್ಲಿ ಅದ್ದಿಕೊಂಡೆ.

ಅಜ್ಜಿಯನ್ನು ಹೊರಗೆ ಕೂರಲು ಹೇಳಿದೆವು. ಅವರು ಬಾಗಿಲಿಗೆ ಅಂಟಿಕೊಂಡೇ ಕುಳಿತರು.

"ಅಮ್ಮಾರೆ, ಒಂದು ತಿಂಗ್ಳು ಸಾಲದೇ ಬಂದಂಗೆ ಆಗಲ್ಲ ಅಲ್ರಿ?"

"ಇಲ್ಲ ಅಜ್ಜಿ. ಸರಿಯಾಗಿ ತುಂಬಿದೆ."

"ಹಂಗಾರೆ ಅಳ್ತೈತೇನ್ರಿ?"

ನಾನು ಒಳಗೆ ಹೋಗಿ ಕೂಸನ್ನು ಒರೆಸುವ ಬಟ್ಟೆಗಳನ್ನು ಬೆಚ್ಚಗೆ ಮಾಡಿಟ್ಟೆ.

ಬಿಸಿಲು ವಾರ್ಡಿನ ಆಚೆ ಗೋಡೆಗೆ ಸರಿಯುವ ಹೊತ್ತಿಗೆ ಹೆರಿಗೆಯಾಯಿತು. ಹೆಣ್ಣು ಕೂಸು, ತುಂಬಿದ ಕೆನ್ನೆ, ಬೆರಳ ತುದಿ ದಾಟಿದ ಉಗುರು. ಬಾಯಿಯ ಲೋಳೆ ಒರೆಸುವಷ್ಟರಲ್ಲಿ ಒಂದು ಸೀನು ಸೀನಿತು. ಆಮೇಲೆ ಅಳತೊಡಗಿತು. ಬಾಗಿಲ ಆಚೆ ಬಳೆಯ ಸದ್ದಾಯಿತು. ಅಜ್ಜಿ ಎದ್ದು ನಿಂತಿದ್ದರು, ಒಳಗೆ ಬರಲಿಲ್ಲ. ಗಿರಿಜಮ್ಮ ನನ್ನ ಕೈ ಹಿಡಿದಿದ್ದಳು. ಬಿಡಿಸಿಕೊಳ್ಳಬೇಕೆಂದು ನನಗೂ ಅನ್ನಿಸಲಿಲ್ಲ.

ಕೂಸನ್ನು ಒರೆಸಿ, ಸುತ್ತಿ ಅಜ್ಜಿಯ ಮಡಿಲಿಗೆ ಕೊಟ್ಟೆವು. ಅದು ಬೆಚ್ಚಗಾಗಿ ಸುಮ್ಮನಾಯಿತು. ಅಜ್ಜಿ ಬಟ್ಟೆಯೊಳಗೆ ಕೈ ತೂರಿಸಿ ಅಂಗಾಲಿಗೆ ಮೆಲ್ಲಗೆ ಚಿಟಕಿ ಹೊಡೆದರು. ಕೂಸು ಮತ್ತೆ ಅತ್ತಿತು.

"ಯಾಕಜ್ಜಿ ಅಳಿಸ್ತೀರಿ? ಮಲಗಲಿ ಬಿಡಿ" ಎಂದು ರೋಸಮ್ಮ ಗದರಿದಳು.

"ಒಂದೀಟು ಅಳ್ಲಿ ಬಿಡವ್ವ. ಕೇಳಿ ಎಷ್ಟು ವರ್ಷ ಆತು" ಎಂದು ಅಜ್ಜಿ ಇನ್ನೊಂದು ಅಂಗಾಲಿಗೂ ಹೊಡೆದರು.

ದೊಡ್ಡ ಡಾಕ್ಟರು ಹೊರಡುವಾಗ ಕಪಾಟಿನ ಕಡೆ ಕೈ ತೋರಿಸಿ, "ಇವತ್ತು ನನ್ನ ಎಣ್ಣೆಗೂ ಸೂಜಿಗೂ ರಜೆ ಕೊಟ್ಟೆಯಲ್ಲಮ್ಮ" ಎಂದರು. ಅವರು ಹೊಗಳುವುದು ಹಾಗೆಯೇ. ಕೆಲವು ದಿನಗಳಲ್ಲಿ ಕಿಟಕಿಯ ಪಕ್ಕದ ಮಂಚದ ಜೊತೆಗೆ ಇನ್ನೊಂದು ಬಂತು. ಅದಾದ ಮೇಲೆ ಸೂಜಿ ಬರೆಯುವ ಮುಂಚೆ ಅವರೇ ಸ್ಟೂಲು ಎಳೆದುಕೊಂಡು ಕೂರುವುದನ್ನು ನಾನು ಎಷ್ಟೋ ಸಲ ಕಂಡೆ.

ಮರುದಿನ ಬೆಳಿಗ್ಗೆ ವಾರ್ಡಿಗೆ ಹೋಗುವ ಮುಂಚೆ ನಾನು ಪೇಟೆಗೆ ಹೋದೆ. ಪೂಜೆ ಸಾಮಾನಿನ ಅಂಗಡಿಯವರು ಆಗಷ್ಟೇ ಹಲಗೆ ತೆಗೆಯುತ್ತಿದ್ದರು. ಪಂಚಾಂಗ ಬೇಕು ಎಂದೆ.

"ಈ ವರ್ಷದ್ದು ಇನ್ನೇನು ಮುಗೀತಲ್ರಿ. ಯುಗಾದಿಗೆ ಹೊಸಾದು ಬರ್ತೈತಿ, ಅದನ್ನೇ ಒಯ್ಯಿರಿ."

"ಈ ವರ್ಷದ್ದೇ ಬೇಕು. ಹೊಸದು ಬಂದಾಗ ಅದೂ ಒಂದು ಇಡಿ."

ಅವರು ಮೂಲೆಯಿಂದ ಒಂದನ್ನು ಹುಡುಕಿ, ಧೂಳು ಕೊಡವಿ, ಕೈಗೆ ಕೊಡುತ್ತ ನಕ್ಕರು. "ಮಾಘದಾಗ ಮದುವಿ ಮುಹೂರ್ತ ಭಾಳ ಚಲೋ ಅದಾವು, ಡಾಕ್ಟ್ರಮ್ಮಾರೆ. ಊಟಕ್ಕೆ ನಮ್ಮನ್ನ ಮರೀಬ್ಯಾಡ್ರಿ."

ನಾನೂ ನಕ್ಕು ದುಡ್ಡು ಕೊಟ್ಟೆ. ವಾರ್ಡಿಗೆ ಬಂದು ಪಂಚಾಂಗದ ಮೂಲೆಗೆ ತೂತು ಮಾಡಿ, ದಾರ ಪೋಣಿಸಿ, ಕ್ಯಾಲೆಂಡರಿನ ಮೊಳೆಗೇ ತೂಗುಹಾಕಿದೆ. ಕೂಸನ್ನು ಮಡಿಲಲ್ಲಿಟ್ಟುಕೊಂಡು ಚನ್ನಮ್ಮಜ್ಜಿ ನೋಡುತ್ತಿದ್ದರು.

"ಅದ್ರಾಗ ಅಧಿಕನೂ ಐತೇನ್ರಿ?"

"ಇದೆ" ಎಂದು ಹಾಳೆ ತಿರುಗಿಸಿ ತೋರಿಸಿದೆ.

ಆಮೇಲೆ ಬೆಂಚಿನ ಮೇಲೆ ಮೊದಲು ಕುಳಿತಿದ್ದ ಬಸುರಿಯನ್ನು ಕರೆದೆ. ಎಷ್ಟು ತಿಂಗಳು ಎಂದು ಕೇಳಲಿಲ್ಲ. ಕೈ ಉಜ್ಜಿ ಬೆಚ್ಚಗೆ ಮಾಡಿಕೊಳ್ಳುತ್ತ, "ಕಡೆಯ ಸಲ ಮೈ ತೊಳೆದದ್ದು ಯಾವ ಹಬ್ಬದ ಹತ್ತಿರ, ನೆನಪಿದೆಯಾ?" ಎಂದು ಕೇಳಿದೆ.